ತಲೆಬಾಗಿಲಿಗೆ ಹೊನ್ನೆ

ಫೈಬರ್ ಬಾಗಿಲು ಮಾರುವುದು ನನ್ನ ಕಸುಬು. ಅಂಗಡಿ ಮಾಗಡಿ ರಸ್ತೆಯಲ್ಲಿ. ಗೆದ್ದಲು ಹಿಡಿಯಲ್ಲ, ಮಳೆಗೆ ಉಬ್ಬಲ್ಲ, ಈ ಕಾಲದಲ್ಲಿ ಮರದ ಬಾಗಿಲು ಯಾಕೆ ಸಾರ್ ಎಂದು ದಿನಾ ಎಷ್ಟು ಜನಕ್ಕೆ ಹೇಳುತ್ತೇನೋ. ಅಂಥವನು ಅನ್ನಪೂರ್ಣೇಶ್ವರಿ ನಗರದಲ್ಲಿ ಸ್ವಂತ ಮನೆ ಕಟ್ಟುವಾಗ ತಲೆಬಾಗಿಲಿಗೆ ಮಾತ್ರ ನಮ್ಮ ತೋಪಿನ ಹೊನ್ನೆ ಮರವೇ ಆಗಬೇಕೆಂದು ಹಟ ಹಿಡಿದೆ. ಒಳಗಿನ ಬಾಗಿಲುಗಳಿಗೆಲ್ಲ ಅಂಗಡಿಯ ಮಾಲೇ ಸಾಕಾಯಿತು. ನಾಚಿಕೆ ಆಗಬೇಕು ನನಗೆ. ಆಗುತ್ತಲೂ ಇದೆ.

ತೋಪು ಇರುವುದು ತಾವರೆಕೆರೆ ದಾಟಿ ಒಳಗೆ. ತಾತ ಬಿಟ್ಟುಹೋದದ್ದು. ನಮ್ಮ ಮನೆ, ದೊಡ್ಡಪ್ಪನ ಮನೆ, ಚಿಕ್ಕಪ್ಪನ ಮನೆ, ಮೂರಕ್ಕೂ ಸೇರಿದ್ದು, ಇನ್ನೂ ಭಾಗ ಆಗಿಲ್ಲ. ನೋಡಿಕೊಳ್ಳುವವರು ಚಿಕ್ಕಪ್ಪ. ಅದು ನೋಡಿ ಖುಷಿಪಡುವುದಕ್ಕೆ ಬಿಟ್ಟ ಕಾಡಲ್ಲ, ದುಡಿಯುವ ತೋಪು. ವರ್ಷವರ್ಷವೂ ಒಂದಿಷ್ಟು ಮರ ಇಳಿಸಿ ಮಾರುತ್ತಾರೆ. ಆದರೆ ಯಾವುದನ್ನು ಇಳಿಸಬೇಕು ಎನ್ನುವುದರಲ್ಲಿ ಚಿಕ್ಕಪ್ಪ ಬಲು ಕಟ್ಟುನಿಟ್ಟು. ಸೊಟ್ಟ ಮರ, ಹುಳು ಬಿದ್ದ ಮರ, ಒತ್ತೊತ್ತಾಗಿ ಬೆಳೆದು ಪಕ್ಕದ್ದಕ್ಕೆ ಬಿಸಿಲು ಬಿಡದ ಮರ, ಇವು ಮೊದಲು. ನೆಟ್ಟಗೆ ದಪ್ಪಗೆ ನಿಂತ ಮೂರು ಹೊನ್ನೆಗಳಿಗೆ ಮಾತ್ರ ಕೊಡಲಿ ಮುಟ್ಟಿಸುವಂತಿಲ್ಲ. ರಾಗಿಯಲ್ಲಿ ಒಳ್ಳೆ ತೆನೆಯನ್ನು ಬಿತ್ತನೆಗೆ ಎತ್ತಿಡುತ್ತಾರಲ್ಲ, ಹಾಗೆ. ಬೇಸಿಗೆ ಹೊತ್ತಿಗೆ ಅವುಗಳ ಕೆಳಗೆ ಬಿಲ್ಲೆಯಂಥ ಚಪ್ಪಟೆ ಕಾಯಿಗಳು ಉದುರುತ್ತವೆ. ಚಿಕ್ಕಪ್ಪ ಅವನ್ನು ಆರಿಸಿ, ಸಸಿ ಎಬ್ಬಿಸಿ, ಮರ ಇಳಿಸಿದ ಜಾಗದಲ್ಲೆಲ್ಲ ನೆಡುತ್ತಾರೆ. ಒಳ್ಳೆಯವನ್ನೆಲ್ಲ ಕಡಿದು ಸೊಟ್ಟ ಮರದ ಬೀಜ ಹಾಕುತ್ತ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೋಪೇ ಸೊಟ್ಟಗಾಗುತ್ತದೆ ಎನ್ನುತ್ತಾರೆ. ಇದೆಲ್ಲ ನನಗೆ ಚಡ್ಡಿ ಹಾಕುವ ಕಾಲದಿಂದ ಗೊತ್ತು. ಗೊತ್ತಿಲ್ಲದೆ ಮಾಡಿದ್ದರೆ ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ.

ನಮ್ಮಲ್ಲಿ ಇನ್ನೊಂದು ಪದ್ಧತಿಯಿದೆ. ತಲೆಬಾಗಿಲಿಗೆ ಬೇಕೆಂದು ತಾಂಬೂಲ ಕೊಟ್ಟು ಮರ ಕೇಳಿದವರಿಗೆ ಇಲ್ಲ ಎನ್ನಬಾರದು. ಫೋನಿನಲ್ಲಿ ಕೇಳಿದ್ದರೆ ಚಿಕ್ಕಪ್ಪ ಬೇರೆ ಯಾವುದಾದರೂ ಮರ ತೋರಿಸುತ್ತಿದ್ದರು. ಅದಕ್ಕೇ ನಾನು ಎಲೆ ಅಡಿಕೆ, ಬಾಳೆಹಣ್ಣು ತಟ್ಟೆಯಲ್ಲಿಟ್ಟುಕೊಂಡು ಆ ಮೂರು ಹೊನ್ನೆಗಳಲ್ಲಿ ಒಂದನ್ನು ಕೇಳುತ್ತ ಅವರ ಮುಂದೆ ನಿಂತೆ. ತೇಗದಲ್ಲಿ ಆಗಲ್ವಾ ಎಂದು ಕೇಳಿದರು. ಬಡಗಿ ಹೊನ್ನೆಯೇ ಬೇಕು ಅಂದಿದಾನೆ, ಅದೂ ಗಂಟಿಲ್ಲದ್ದು ಎಂದೆ. ಹಸಿ ಸುಳ್ಳು. ಬಡಗಿ ಪಾಪ ಏನೂ ಅಂದಿರಲಿಲ್ಲ.

"ಬಾಗ್ಲಿಗೆ ಅಂತ ಕೇಳ್ದ್ಮೇಲೆ ಇಲ್ಲ ಅನ್ನೋಕಾಗುತ್ತೇನಪ್ಪಾ. ತಗೋ," ಅಂದರು.

ಅರಣ್ಯ ಇಲಾಖೆಯ ಅನುಮತಿಗೆ ಓಡಾಡಿದೆ. ಬದಲಿಗೆ ಸಸಿ ನೆಡಬೇಕು ಅಂದರು, ನರ್ಸರಿಯಿಂದ ತಂದು ನೆಟ್ಟೆ. ಕಾನೂನಿನ ಪ್ರಕಾರ ಎಲ್ಲ ಸರಿ. ಬಿತ್ತನೆಗೆ ಬಿಟ್ಟ ಮರ ಯಾವುದು ಎಂದು ಯಾವ ಸಾಹೇಬರೂ ಕೇಳಲಿಲ್ಲ, ನಾನೂ ಬಾಯಿಬಿಡಲಿಲ್ಲ. ಮರ ಇಳಿಸಿದ ದಿನ ಚಿಕ್ಕಪ್ಪ ತೋಪಿನ ಕಡೆಗೇ ಬರಲಿಲ್ಲ. ಆಮೇಲೆ ಚಿಕ್ಕಮ್ಮ ಫೋನಿನಲ್ಲಿ ಅದೂ ಇದೂ ಮಾತಾಡುತ್ತ ಹೇಳಿದರು: ಆ ಮರದ ಬೀಜದಿಂದ ಎದ್ದ ಗಿಡಗಳು ಇನ್ನೂ ಕಾಯಿ ಬಿಡುತ್ತಿಲ್ಲ, ಇನ್ನೊಂದಷ್ಟು ವರ್ಷ ಹೋಗಿದ್ದರೆ ಅವೇ ಬಿತ್ತನೆಗೆ ಆಗುತ್ತಿದ್ದವು, ನಿಮ್ಮ ಚಿಕ್ಕಪ್ಪ ಆಗ ತಾವಾಗಿಯೇ ಕಡಿದುಕೊಡುತ್ತಿದ್ದರು. ಚಿಕ್ಕಪ್ಪ ಬೈದಿದ್ದರೆ ವಾಸಿಯಿತ್ತು.

ಗೃಹಪ್ರವೇಶದಲ್ಲಿ ಬಂದವರೆಲ್ಲ ಬಾಗಿಲು ಸವರಿ ಹೊಗಳಿದ್ದೇ ಹೊಗಳಿದ್ದು. ಹೊಸತರಲ್ಲಿ, ಶುಕ್ರವಾರ ಹೆಂಡತಿ ಹೊಸ್ತಿಲು ತೊಳೆದರೆ ಹೊನ್ನೆಯ ಬಣ್ಣ ಬಿಟ್ಟು ಮೆಟ್ಟಿಲ ಮೇಲೆಲ್ಲ ಹಳದಿ ನೀರು. ನಾನು ಶುಕ್ರವಾರ ಬೇಗ ಅಂಗಡಿಗೆ ಹೊರಡುವುದನ್ನು ಕಲಿತೆ.

ಈ ಸಲ ಯುಗಾದಿಗೆ ಚಿಕ್ಕಪ್ಪನನ್ನು ಊಟಕ್ಕೆ ಕರೆದಿದ್ದೆ. ಒಬ್ಬಟ್ಟು ತಿಂದು ಕೂತಿದ್ದೆವು. ದೊಡ್ಡಪ್ಪನ ಕಿರಿಮಗ ಬಂದ. ಕುರುಬರಹಳ್ಳಿಯಲ್ಲಿ ಹಳೇ ಮನೆ ಕೆಡವಿ ಕಟ್ಟಿಸುತ್ತಿದ್ದಾನೆ. ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಅವನು ಚಿಕ್ಕಪ್ಪನ ಮುಂದೆ ಬಗ್ಗುವ ಮೊದಲೇ ನಾನು ಅಡ್ಡಬಾಯಿ ಹಾಕಿದೆ. ಇರೋದೇ ಇನ್ನೆರಡು ಮರ ಕಣೋ, ಬೇಡ, ನನ್ನ ಅಂಗಡಿಯಲ್ಲಿ ಒಳ್ಳೇ ಮಾಲಿದೆ, ನೂರು ವರ್ಷ ಬರುತ್ತೆ ಎಂದೆ. ಅವನು ಜಗಳಕ್ಕೇನೂ ಬರಲಿಲ್ಲ. ಹಿಂದಕ್ಕೆ ಕೈಚಾಚಿ ನಮ್ಮ ತಲೆಬಾಗಿಲ ಚೌಕಟ್ಟನ್ನು ಬೆರಳಗೆಣ್ಣಿನಿಂದ ತಟ್ಟಿದ.

"ಹಂಗಾದ್ರೆ ಇದ್ಯಾಕಣ್ಣ ಇಲ್ಲೈತೆ?"

ಚಿಕ್ಕಪ್ಪ ನನ್ನ ಕಡೆ ನೋಡಿದರು. ನಾನೇನಾದರೂ ಹೇಳುತ್ತೇನೆಂದು ಕಾದರು ಅನಿಸುತ್ತದೆ. ಕೊನೆಗೆ ಅವರು ತಟ್ಟೆಗೆ ಕೈಚಾಚಿ ತಾಂಬೂಲ ತೆಗೆದುಕೊಂಡರು. ಹೊರಡುವಾಗ ಹೊಸ್ತಿಲು ದಾಟಿ, ಚಪ್ಪಲಿ ಹಾಕಿಕೊಳ್ಳುತ್ತ, ನನಗೊಬ್ಬನಿಗೇ ಕೇಳುವಂತೆ ಹೇಳಿದರು.

"ಭಾನುವಾರ ಬಂದು ಮರಕ್ಕೆ ಗುರುತು ನೀನೇ ಹಾಕ್ಕೊಡಪ್ಪ. ನನ್ನ ಕೈಲಿ ಆಗಲ್ಲ."

ಅಂಗಡಿಯಿಂದ ಕೆಂಪು ಪೇಂಟಿನ ಡಬ್ಬಿ, ಬ್ರಷ್ಷು ತೆಗೆದುಕೊಂಡು ಹೋದೆ. ಚಿಕ್ಕಪ್ಪ ತೋಪಿಗೆ ಬೆನ್ನು ಮಾಡಿ ಬದುವಿನ ಮೇಲೆ ಕೂತಿದ್ದರು. ಎರಡು ಹೊನ್ನೆಯೂ ನೆಟ್ಟಗಿದ್ದವು. ಒಂದಾದರೂ ಸ್ವಲ್ಪ ಸೊಟ್ಟ ಇರಬಾರದಿತ್ತೇ ಎಂದುಕೊಂಡು ಅದನ್ನೂ ಇದನ್ನೂ ಸುತ್ತಿದೆ. ಆಮೇಲೆ ಒಂದಕ್ಕೆ ಬಳಿದೆ. ಅದರ ಬುಡದಲ್ಲಿ ಕಾಯಿ ಬೇಕಾದಷ್ಟು ಉದುರಿದ್ದವು. ಕೂತು ಆರಿಸಿ, ಎರಡೂ ಜೇಬು ತುಂಬಿಸಿಕೊಂಡು ಹೋಗಿ ಕೊಟ್ಟೆ. ಚಿಕ್ಕಪ್ಪ ಟವೆಲ್ಲು ಹರಡಿ ಎಲ್ಲವನ್ನೂ ಹಾಕಿಸಿಕೊಂಡರು, ಯಾವ ಮರದ್ದು ಎಂದು ಕೇಳಲಿಲ್ಲ.