ಮುಂಗೈ ಮೇಲಿನ ಮೇಸ್ತ್ರಿ

ಹಿರೇಕೊಟ್ನೆಕಲ್ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಹುಲಿಗೇಶ ಬಿರುಬೇಸಿಗೆಯಲ್ಲೂ ತುಂಬುತೋಳಿನ ಅಂಗಿ ಬಿಟ್ಟವನಲ್ಲ. ಮೈಮೇಲಿನ ಬನಿಯನ್ ಕೂಡ ಭಾರವೆನಿಸುವ ಆ ಸೀಮೆಯ ಬಿಸಿಲಿನಲ್ಲೂ ಅವನ ತೋಳಿನ ಗುಂಡಿ ಬಿಚ್ಚುತ್ತಿರಲಿಲ್ಲ. ಬಲು ಶಿಸ್ತಿನ ಮನುಷ್ಯ ಎಂದು ಉಳಿದ ಮೇಷ್ಟ್ರುಗಳು ಅಂದುಕೊಂಡಿದ್ದರು. ಶಿಸ್ತೂ ಇಲ್ಲ, ಮಣ್ಣೂ ಇಲ್ಲ. ಅವನ ಎಡ ಮುಂಗೈ ಮೇಲೆ ಒಂದು ಹಚ್ಚೆ ಇತ್ತು. ಹಸಿರುಗಟ್ಟಿದ ದಪ್ಪ ಅಕ್ಷರಗಳಲ್ಲಿ ‘ಯಂಕಣ್ಣ ಮೇಸ್ತ್ರಿ, ದೇವದುರ್ಗ’ ಎಂದು ಬರೆದಿತ್ತು.

ಯಂಕಣ್ಣ ಅವನ ಅಪ್ಪನಲ್ಲ, ಅಜ್ಜನಲ್ಲ, ಮನೆದೇವರಂತೂ ಮೊದಲೇ ಅಲ್ಲ. ದೇವದುರ್ಗದ ಕಡೆಯ ಹಳ್ಳಿಗಳಿಂದ ಆಳುಗಳನ್ನು ಕೂಡಿಸಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಕರೆದೊಯ್ಯುತ್ತಿದ್ದ ಮೇಸ್ತ್ರಿ. ಹುಲಿಗೇಶನ ಅಪ್ಪ ಗದ್ದೆಪ್ಪ, ಅವ್ವ ಯಮನಮ್ಮ ಇಬ್ಬರೂ ಅವನ ಕೈಕೆಳಗೆ ಇಟ್ಟಿಗೆ ಹೊತ್ತವರು. ಹುಲಿಗೇಶ ಆಗ ಮೂರು ವರ್ಷದ ಕೂಸು, ಮರಳಿನ ಗುಡ್ಡೆಯ ಮೇಲೆ ಆಡಿಕೊಂಡಿರುತ್ತಿದ್ದ. ಹಚ್ಚೆ ಬಿದ್ದದ್ದು ಆ ದಿನಗಳಲ್ಲೇ. ಅವನಿಗೆ ಅದರ ನೆನಪಿಲ್ಲ.

ಓದಲು ಬರುವ ತನಕ ಅದು ಅಪ್ಪನ ಹೆಸರೆಂದೇ ಅವನು ನಂಬಿದ್ದ. ಎರಡನೇ ತರಗತಿಯಲ್ಲಿ ಅಕ್ಷರ ಕೂಡಿಸಲು ಬಂದಾಗ ಮೊದಲು ಓದಿದ್ದು ತನ್ನ ಕೈಯನ್ನೇ. ಅಷ್ಟೊತ್ತಿಗೆ ಅಪ್ಪ ಜ್ವರ ಬಂದು ತೀರಿಕೊಂಡಿದ್ದ, ಕೇಳೋಣವೆಂದರೆ ಇಲ್ಲ. ಮೇಸ್ತ್ರಿಯ ಗುದ್ದಲಿ, ಸಲಿಕೆ, ಸಿಮೆಂಟಿನ ಪುಟ್ಟಿಗಳ ಮೇಲೆಲ್ಲ ಇದೇ ಹೆಸರನ್ನು ಬಣ್ಣದಲ್ಲಿ ಬರೆದಿರುತ್ತಿದ್ದರು. ತನ್ನನ್ನೂ ಒಂದು ಪುಟ್ಟಿಯೆಂದೇ ಬಗೆದನಲ್ಲ ಈ ಮನುಷ್ಯ ಎಂದು ಅವತ್ತು ಹುಟ್ಟಿದ ಸಿಟ್ಟು ಹುಡುಗ ಮೇಷ್ಟ್ರಾದ ಮೇಲೂ ಆರಲಿಲ್ಲ.

ಇದನ್ನು ಅವ್ವನಿಗೆ ಮಾತ್ರ ಅವನು ಹೇಳಲಿಲ್ಲ. ಯಮನಮ್ಮನಿಗೆ ಓದು ಬಾರದು. ಮಗನಿಗೆ ಎಣ್ಣೆ ಹಚ್ಚುವಾಗ, ಅವನು ಜ್ವರದಲ್ಲಿ ಮಲಗಿದಾಗ ಆ ಹಚ್ಚೆಯ ಮೇಲೆ ಕೈಯಾಡಿಸಿ ಬೆರಳನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಆ ಕಡೆಯ ಹಳೇ ಹೆಂಗಸರಂತೆ ಅವಳೂ ಗಂಡನ ಹೆಸರು ಬಾಯಲ್ಲಿ ಹೇಳುವವಳಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೂ ಮಗನ ಮುಖ ನೋಡುವಳು, ಅವನೇ ಹೇಳಬೇಕು. ಪಾಪ, ಕೈ ಮೇಲಿರುವುದು ಗಂಡನ ಹೆಸರೆಂದು ತಿಳಿದಿದ್ದಾಳೆ, ಬಾಯಲ್ಲಿ ಹೇಳಲಾಗದ್ದನ್ನು ಮುಟ್ಟಿಯಾದರೂ ನೋಡಿಕೊಳ್ಳಲಿ ಎಂದು ಹುಲಿಗೇಶ ಬಾಯಿಗೆ ಬೀಗ ಹಾಕಿಕೊಂಡಿದ್ದ.

ಹೀಗೇ ಇನ್ನೊಂದಿಷ್ಟು ವರ್ಷ ನಡೆಯುತ್ತಿತ್ತೋ ಏನೋ. ಈ ಜೂನಿನಲ್ಲಿ ಸಾಕ್ಷಾತ್ ಯಂಕಣ್ಣನೇ ಮೊಮ್ಮಗಳನ್ನು ಎಂಟನೇ ತರಗತಿಗೆ ಸೇರಿಸಲು ಶಾಲೆಗೆ ಬಂದ. ಮಗಳನ್ನು ಅದೇ ಊರಿಗೆ ಕೊಟ್ಟಿದ್ದನಂತೆ. ಮುದುಕನಾಗಿದ್ದ, ಕಣ್ಣು ಮಾತ್ರ ಚುರುಕಾಗಿತ್ತು. ಹುಲಿಗೇಶ ಲ್ಯಾಬಿನಲ್ಲಿ ಕೈ ತೊಳೆದು, ಮಡಚಿದ ತೋಳು ಇಳಿಸುವುದನ್ನು ಮರೆತು ಸ್ಟಾಫ್ ರೂಮಿಗೆ ಬಂದದ್ದೇ ತಡ, ಮುದುಕ ಎದ್ದು ನಿಂತ.

“ಇವ ನಮ್ಮ ಗ್ಯಾಂಗಿನ ಹುಡುಗ ಅಲ್ಲೇನ್ರೀ? ನೋಡ್ರಿ, ಕೈ ಮ್ಯಾಲ ನನ್ನ ಹೆಸರು ಅದ.”

ಅವನ ಮಾತಿನಲ್ಲಿ ಕುಹಕವಿರಲಿಲ್ಲ, ಹೆಮ್ಮೆಯಿತ್ತು. ಉರಿದದ್ದು ಅದಕ್ಕೇ. ಮೇಷ್ಟ್ರುಗಳು ನಕ್ಕರು, ಯಾರೋ ಚಹಾ ತರಿಸಿದರು. ಹುಲಿಗೇಶ ಆ ಚಹಾ ಮುಟ್ಟದೆ ಹೊರಗೆ ಹೋಗಿ, ಹಚ್ಚೆ ತೆಗೆಯುತ್ತಾರೆಂದು ಕೇಳಿದ್ದ ರಾಯಚೂರಿನ ಚರ್ಮದ ಆಸ್ಪತ್ರೆಯೊಂದಕ್ಕೆ ಫೋನು ಮಾಡಿದ.

ಅವ್ವನಿಗೆ ನಿಜ ಹೇಳುವ ಹಾಗಿಲ್ಲ. ಹೇಳಿದರೆ ಅಪ್ಪನ ಹೆಸರು ಅಳಿಸಲು ಹೊರಟ ಮಗನಾಗಬೇಕು, ಇಲ್ಲವೇ ಅದು ಅಪ್ಪನ ಹೆಸರೇ ಅಲ್ಲವೆಂದು ಅವಳಿಗೆ ತಿಳಿಸಬೇಕು. ಎರಡೂ ಅವನ ಕೈಲಾಗದು.

“ಹಚ್ಚಿ ಇದ್ದಲ್ಲಿ ತುರಿಸಾಕತ್ತದ ಯವ್ವಾ. ರಾಯಚೂರಿಗೆ ಹೋಗಿ ಡಾಕ್ಟ್ರಿಗೆ ತೋರಿಸ್ಕೊಂಡ್ ಬರ್ತೀನಿ.”

“ನಾನೂ ಬರ್ತೀನಿ ನಡಿ.”

“ನೀ ಯಾಕ ಬೇ?”

“ಸುಮ್ನ ನಡಿ,” ಎಂದ ಯಮನಮ್ಮ ಆಗಲೇ ಚಪ್ಪಲಿ ಮೆಟ್ಟಿದ್ದಳು.

ಮಾನ್ವಿಯಿಂದ ಹೊರಟ ಬಸ್ಸು ರಾಯಚೂರು ಮುಟ್ಟಿ, ಇಬ್ಬರೂ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವಳು ಮಗನ ಮಣಿಕಟ್ಟು ಹಿಡಿದಳು. ಇದು ಅವಳ ಹಳೇ ಚಾಳಿ. ನಾಲ್ಕು ಜನ ಸೇರಿದ ಕಡೆ ಅವಳ ಕೈ ಅವನ ಕೈ ಹುಡುಕಿಕೊಂಡು ಬರುತ್ತಿತ್ತು. ಮೂವತ್ತು ದಾಟಿದ ಮೇಷ್ಟ್ರನ್ನು ಅವ್ವ ಕೈ ಹಿಡಿದು ರಸ್ತೆ ದಾಟಿಸುವುದನ್ನು ಹುಡುಗರು ಯಾರಾದರೂ ಕಂಡಾರೆಂದು ಅವನು ಬಿಡಿಸಿಕೊಳ್ಳಲು ನೋಡಿದ. ಆಕೆ ಬಿಡಲಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಹಚ್ಚೆ ತೆಗೆಸುವವರೇ ಸಾಲಾಗಿ ಕೂತಿದ್ದರು. ಒಬ್ಬ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದವನು, ತೋಳಿನ ತುಂಬ ಚೇಳು ಬರೆಸಿಕೊಂಡು ಪೇಚಾಡುತ್ತಿದ್ದ. ಪಕ್ಕದ ಹುಡುಗಿಯ ಮಣಿಕಟ್ಟಿನಲ್ಲಿ ಒಬ್ಬನ ಹೆಸರಿನ ಮೊದಲ ಅಕ್ಷರ, ಮದುವೆ ಗೊತ್ತಾದದ್ದು ಇನ್ನೊಬ್ಬನ ಜೊತೆ. ಹಾಕಿಸಿಕೊಳ್ಳುವಾಗ ಎಲ್ಲರಿಗೂ ಒಂದೇ ಹುಮ್ಮಸ್ಸು, ತೆಗೆಸುವಾಗ ಒಬ್ಬೊಬ್ಬರದು ಒಂದೊಂದು ಕತೆ. ಹುಲಿಗೇಶನಿಗೆ ಅವರನ್ನು ನೋಡಿ ಹೊಟ್ಟೆಕಿಚ್ಚಾಯಿತು. ಅವರೆಲ್ಲ ತಮಗೆ ಬೇಕೆಂದು ಬರೆಸಿಕೊಂಡವರು.

ಸರದಿ ಬಂದಾಗ ನರ್ಸ್ ಸುನಂದಾ ಒಳಗೆ ಕರೆದಳು. ಯಮನಮ್ಮನೂ ಹಿಂದೆಯೇ ಬಂದು ಸ್ಟೂಲಿನ ಮೇಲೆ ಕೂತಳು. ಸುನಂದಾ ಮುಂಗೈಗೆ ಮರಗಟ್ಟಿಸುವ ಮುಲಾಮು ಹಚ್ಚುತ್ತ ಅಲ್ಲಿದ್ದದ್ದನ್ನು ಗಟ್ಟಿಯಾಗಿ ಓದಿಬಿಟ್ಟಳು.

“ಯಂಕಣ್ಣ ಮೇಸ್ತ್ರಿ, ದೇವದುರ್ಗ. ಯಾರ್ರೀ ಇವರು, ನಿಮ್ಮ ತಂದೆಯವರೇನು?”

ಹುಲಿಗೇಶ ಅವ್ವನ ಕಡೆ ತಿರುಗುವ ಧೈರ್ಯ ಸಾಲದೆ ಗೋಡೆ ನೋಡುತ್ತ ಕೂತ.

“ಅಲ್ಲವ್ವಾ. ಅವ ನಮ್ಮ ಮೇಸ್ತ್ರಿ,” ಎಂದಳು ಯಮನಮ್ಮ.

ಮುಲಾಮು ಹಿಡಿಯಲು ಹೊತ್ತು ಬೇಕೆಂದು ಹೇಳಿ ಸುನಂದಾ ಹೊರಗೆ ಹೋದಳು. ಹುಲಿಗೇಶ ಮೆಲ್ಲಗೆ ತಿರುಗಿದ.

“ನಿನಗ ಗೊತ್ತಿತ್ತೇನ್ ಯವ್ವಾ?”

“ಬರಸುವಾಗ ನಿನ್ನ ತೊಡಿ ಮ್ಯಾಲ ಹಿಡ್ಕೊಂಡು ಕುಂತಾಕಿ ನಾನು. ಗೊತ್ತಿರಂಗಿಲ್ಲೇನು?” ಯಮನಮ್ಮ ಸೆರಗು ಸರಿಮಾಡಿಕೊಂಡಳು. “ಅದಕ್ಕಿಂತ ಮೊದಲ ಬೆಂಗಳೂರಿನ ಸಂತ್ಯಾಗ ನೀ ಕಳದಿದ್ದಿ. ಯಾರೋ ಪುಣ್ಯಾತ್ಮರು ಪೊಲೀಸ್ ಠಾಣೆಗೆ ಒಯ್ದು ಬಿಟ್ಟಿದ್ರು. ನಾ ಓಡಿ ಹೋದೆ. ಯಾರ ಹುಡುಗ ಅಂದ್ರು. ನಿಮ್ಮಪ್ಪನ ಹೆಸರು ಹೇಳಿದೆ. ಲಗ್ನ ಆದ ಮ್ಯಾಲ ಅದೊಂದ ಸಲ ನೋಡು ನನ್ನ ಬಾಯಾಗ ಆ ಹೆಸರು ಬಂದದ್ದು. ಅವ ಯಾವನು, ನಮಗ ಗೊತ್ತಿಲ್ಲ ಅಂದ್ರು. ನೀ ಅಲ್ಲೇ ಬೆಂಚಿನ ಮ್ಯಾಲ ಕುಂತು ಅಳಾಕತ್ತಿದ್ದಿ. ಕೊಡಲಿಲ್ಲ. ಸಂಜಿಗೆ ನಿಮ್ಮಪ್ಪ ಬಂದು, ನಾವು ಯಂಕಣ್ಣ ಮೇಸ್ತ್ರಿ ಕಡಿಯವರು ಅಂದ. ಮೇಸ್ತ್ರಿ ಅಂದ್ರ ಆ ಕಡಿ ಎಲ್ಲರಿಗೂ ಗೊತ್ತು. ಆಗ ಕೊಟ್ರು.”

ಹುಲಿಗೇಶ ತನ್ನ ಮುಂಗೈ ನೋಡಿಕೊಂಡ.

“ಮುಂದಿನ ಸಂತಿಗೆ ನಿಮ್ಮಪ್ಪನೇ ನಿನ್ನ ಹಚ್ಚಿಯವನ ಹತ್ರ ಎತ್ಕೊಂಡ್ ಹೋದ. ತಂದಿ ಹೆಸರು ಹೇಳು, ಬರೀತೀನಿ ಅಂದ ಅವ. ನನ್ನ ಹೆಸರಿಗೆ ನನ್ನ ಮಗನ್ನ ಯಾರೂ ಕೊಡಂಗಿಲ್ಲ, ಮೇಸ್ತ್ರಿ ಹೆಸರು ಬರಿ ಅಂತ ತನ್ನ ಬಾಯಿಂದ ತಾನ ಹೇಳಿದ. ನೀ ಒದರಾಕತ್ತಿದ್ದಿ. ನಿಮ್ಮಪ್ಪ ಅತ್ತಾಗ ಮಾರಿ ಮಾಡಿ ನಿಂತಿದ್ದ.”

ಹುಲಿಗೇಶನಿಗೆ ಅಪ್ಪನ ಮುಖವೇ ಸರಿಯಾಗಿ ನೆನಪಿಲ್ಲ. ಈಗ ಆ ತಿರುಗಿ ನಿಂತ ಬೆನ್ನು ಕಣ್ಣಿಗೆ ಕಟ್ಟಿತು, ಅಪ್ಪನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

“ಇಷ್ಟು ದಿನ ಯಾಕ ಹೇಳಲಿಲ್ಲ?”

“ಏನಂತ ಹೇಳಲಿ? ಸಂತ್ಯಾಗ ಕೈ ಬಿಟ್ಟಾಕಿ ನಾನ ಅಲ್ಲೇನು.”

ಅವನು ಚಿಕ್ಕ ಹುಡುಗನ ಹಾಗೆ ಕೇಳಿದ. “ತುರಿಕಿ ಅಂತ ಸುಳ್ಳು ಹೇಳಿದ್ದೆ ಯವ್ವಾ. ಇದನ್ನ ತೆಗಸಾಕ ಬಂದೀನಿ. ತೆಗಸಲೋ ಬ್ಯಾಡೋ?”

“ಗೊತ್ತದ. ತೆಗಸು,” ಎಂದಳು ಯಮನಮ್ಮ. “ಹುಡುಗ ದೊಡ್ಡವನಾದ ಮ್ಯಾಲ ಇದನ್ನ ಅಳಸಾಕ ಬರ್ತದೇನಪ್ಪಾ ಅಂತ ನಿಮ್ಮಪ್ಪ ಅವತ್ತ ಹಚ್ಚಿಯವನ್ನ ಕೇಳಿದ್ದ. ಬರಂಗಿಲ್ಲ ಅಂದಿದ್ದ ಅವ. ಈಗ ಬರ್ತದಲ್ಲ.”

ಸುನಂದಾ ಡಾಕ್ಟರರ ಜೊತೆ ಒಳಗೆ ಬಂದು ಅವನ ಕಣ್ಣಿಗೆ ಕಪ್ಪು ಕನ್ನಡಕ ಹಾಕಿದಳು. ಮಷೀನು ಚಟಚಟ ಅಂದಿತು, ಕೂದಲು ಸುಟ್ಟ ವಾಸನೆ ಬಂತು. ಒಂದೇ ಸಲಕ್ಕೆ ಹೋಗುವಂಥದ್ದಲ್ಲ, ಇನ್ನೂ ಹಲವು ಸಲ ಬರಬೇಕೆಂದು ಡಾಕ್ಟರರು ಹೇಳಿದರು. ಬ್ಯಾಂಡೇಜು ಸುತ್ತಿದ ಮೇಲೆ ಸುನಂದಾ ಮುಂದಿನ ಸಲಕ್ಕೆಂದು ಚೀಟಿ ಬರೆಯಲು ಕೂತಳು. ಹುಲಿಗೇಶ ತನ್ನ ಹೆಸರು ಹೇಳಿದ.

“ತಂದೆಯವರ ಹೆಸರು ಹೇಳ್ರಿ.”

ಯಾವಾಗಲೂ ಹೇಳುವವನು ಅವನೇ. ಅವನು ಬಾಯಿ ತೆರೆಯುವಷ್ಟರಲ್ಲಿ ಯಮನಮ್ಮ ಸ್ಟೂಲಿನಿಂದ ಎದ್ದಳು.

“ಗದ್ದೆಪ್ಪ,” ಎಂದಳು, ಹೊರಗಿನ ಬೆಂಚಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ.

ಸುನಂದಾ ತಲೆಯೆತ್ತದೆ ಬರೆದುಕೊಂಡಳು. ಯಾವ ಗದ್ದೆಪ್ಪ ಎಂದು ಕೇಳಲಿಲ್ಲ.