ಸ್ವತಂತ್ರವಾಗಿ ಮಾಡಬಲ್ಲರು

ನಮ್ಮ ಮೇಷ್ಟ್ರು ಕೃತಕ ಕಣ್ಣು ಮಾಡುವವರು. ಕಾಯಿಲೆಗೋ ಅಪಘಾತಕ್ಕೋ ಒಂದು ಕಣ್ಣು ಕಳೆದುಕೊಂಡವರು ಅವರ ಮುಂದೆ ಬಂದು ಕೂತರೆ, ಉಳಿದ ಕಣ್ಣನ್ನು ನೋಡಿ ನೋಡಿ ಅದಕ್ಕೊಂದು ಜೊತೆ ಮಾಡಿಕೊಡುತ್ತಿದ್ದರು. ಆ ಕಣ್ಣು ಏನನ್ನೂ ನೋಡುವುದಿಲ್ಲ, ನೋಡುವ ಹಾಗೆ ಕಾಣುತ್ತದೆ ಅಷ್ಟೆ. ಆದರೆ ವರ್ಷಗಟ್ಟಲೆ ಕಪ್ಪು ಕನ್ನಡಕದ ಹಿಂದೆ ಬದುಕಿದವರಿಗೆ ಅಷ್ಟೇ ಸಾಕಾಗಿರುತ್ತದೆ.

ಅವರು ಹೊರದೇಶದವರು. ನಮ್ಮ ಮಾತನ್ನು ಇಲ್ಲಿಗೆ ಬಂದಮೇಲೆ ಕಲಿತರು, ಚೆನ್ನಾಗಿಯೇ ಕಲಿತರು. ಆದರೆ ನಮ್ಮ ಮಾತಿನಲ್ಲಿ ಕಣ್ಣು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಎಡವುತ್ತಿದ್ದರು. ನಾನು ಕೆಲಸಕ್ಕೆ ಸೇರಿದ ಮೊದಲ ದಿನ, ಬಾಗಿಲಲ್ಲಿ ಹಿಂಜರಿಯುತ್ತ ನಿಂತಿದ್ದ ಹೆಂಗಸೊಬ್ಬರನ್ನು ನೋಡಿ ತುಂಬ ಪ್ರೀತಿಯಿಂದ, "ಒಳಗೆ ಬನ್ನಮ್ಮಾ, ನಿಮಗೆ ಕಣ್ಣು ಹಾಕೋಕೇ ನಾನು ಇಲ್ಲಿ ಕೂತಿರೋದು" ಎಂದರು. ಆಕೆ ಒಂದು ಹೆಜ್ಜೆ ಹಿಂದಕ್ಕೆ ಹೋದರು. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ಆಮೇಲೆ ಅರ್ಥ ಬಿಡಿಸಿ ಹೇಳಿದಾಗ ಮೇಷ್ಟ್ರ ಕಿವಿ ಕೆಂಪಗಾಯಿತು. "ಎಂಟು ವರ್ಷದಿಂದ ಎಲ್ರಿಗೂ ಹೀಗೇ ಅಂತಿದೀನಲ್ಲಮ್ಮ, ಒಬ್ರೂ ಹೇಳ್ಲಿಲ್ಲವಲ್ಲ" ಎಂದರು. ಹೇಳುವುದಾದರೂ ಹೇಗೆ? ಅಷ್ಟು ಮರ್ಯಾದಸ್ಥ ಮನುಷ್ಯ.

ನಮ್ಮದು ಔಷಧಿ ಅಂಗಡಿಯ ಮೇಲಿನ ಎರಡು ಕೋಣೆಗಳ ಕೆಲಸದ ಮನೆ. ಅದರ ಒಡತಿ ನಿವೃತ್ತಿಯಾದ ಕಣ್ಣಿನ ವೈದ್ಯೆ, ಎಲ್ಲರಿಗೂ ಡಾಕ್ಟರಮ್ಮ. ನಾನು ಮೊದಲು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದೆ. ಊರಿನ ಬೋರ್ಡುಗಳೆಲ್ಲ ಯಂತ್ರದಲ್ಲಿ ಅಚ್ಚಾಗಿ ಬರತೊಡಗಿದ ಮೇಲೆ ನನ್ನ ಕುಂಚಗಳು ಮೂಲೆ ಸೇರಿದವು. ಆಗ ಡಾಕ್ಟರಮ್ಮ ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು ಕಣ್ಣಿಗೆ ಬಿತ್ತು: ಬಣ್ಣದ ಕೆಲಸ ಗೊತ್ತಿರುವ ಸ್ಥಳೀಯರು ಬೇಕು. ನನ್ನನ್ನು ಯಾಕೆ ತೆಗೆದುಕೊಂಡರು ಎನ್ನುವುದನ್ನು ಅವರು ಮುಚ್ಚಿಡಲಿಲ್ಲ. ಆ ವರ್ಷ ಬಂದ ಹೊಸ ನಿಯಮದಂತೆ ಹೊರದೇಶದ ನುರಿತ ಕೆಲಸಗಾರರನ್ನು ಇಟ್ಟುಕೊಂಡವರು ಊರಿನ ಒಬ್ಬರಿಗಾದರೂ ಆ ಕೆಲಸ ಕಲಿಸಬೇಕು, ವರ್ಷಕ್ಕೊಮ್ಮೆ ವರದಿ ಕೊಡಬೇಕು. ಕೊಟ್ಟರೆ ಮಾತ್ರ ಅವರ ವೀಸಾ ಮುಂದುವರಿಯುತ್ತದೆ. ಅಂದರೆ ಮೇಷ್ಟ್ರು ಇಲ್ಲಿ ಉಳಿಯಬೇಕಾದರೆ ನಾನು ಕಲಿಯಬೇಕಾಗಿತ್ತು.

ವರದಿಯ ಹಾಳೆಯಲ್ಲಿ ಮೂರು ಚೌಕ. ಕಲಿಯುತ್ತಿದ್ದಾರೆ. ಮೇಲ್ವಿಚಾರಣೆಯಲ್ಲಿ ಮಾಡಬಲ್ಲರು. ಸ್ವತಂತ್ರವಾಗಿ ಮಾಡಬಲ್ಲರು. ಮೊದಲ ಮೂರು ವರ್ಷ ನನಗೆ ಮೊದಲನೆಯ ಚೌಕ, ಆಮೇಲೆ ಎರಡು ವರ್ಷ ಎರಡನೆಯದು. ಮೇಷ್ಟ್ರು ಗುರುತು ಹಾಕಬೇಕು, ಕೆಳಗೆ ನಾನು ಒಪ್ಪಿ ಸಹಿ ಮಾಡಬೇಕು.

ಮೇಷ್ಟ್ರು ಹದಿನಾರನೆಯ ವಯಸ್ಸಿಗೇ ಗೊಂಬೆ ಮಾಡುವ ಕಾರ್ಖಾನೆ ಸೇರಿದವರಂತೆ. ದಿನಕ್ಕೆ ನಾನೂರು ಗೊಂಬೆಗಳಿಗೆ ಕಣ್ಣು ಬರೆಯುತ್ತಿದ್ದರಂತೆ, ಎಲ್ಲವೂ ಒಂದೇ ನೀಲಿ. ಒಮ್ಮೆ ಅವರ ಸೋದರಮಾವನ ಕಣ್ಣಿಗೆ ತಂತಿ ಹೊಡೆದು, ಆಸ್ಪತ್ರೆಯಲ್ಲಿ ಗಾಜಿನ ಗುಂಡಿಯಂಥದ್ದೊಂದನ್ನು ಕೂರಿಸಿ ಕಳಿಸಿದರು. ಅದನ್ನು ನೋಡಿ ಮಾವನ ಮಗಳೇ ಹೆದರಿ ಅತ್ತಳಂತೆ. ಅವತ್ತು ಹಿಡಿದ ಹುಚ್ಚು. ಏಳು ವರ್ಷ ಬೇರೆಯವರ ಕೈಕೆಳಗೆ ಕಲಿತು, ಆ ಕಸುಬಿನವರು ಒಬ್ಬರೂ ಇಲ್ಲದ ನಮ್ಮ ಊರಿಗೆ ಡಾಕ್ಟರಮ್ಮ ಕರೆಸಿದಾಗ ಬಂದರು. ಎರಡು ವರ್ಷದ ವೀಸಾ ಆರು ಸಲ ಮುಂದುವರಿದು ಹದಿನಾಲ್ಕನೆಯ ವರ್ಷ ನಡೆಯುತ್ತಿತ್ತು. ಅಷ್ಟಾದರೂ ಅವರ ಗುರುತಿನ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ 'ತಾತ್ಕಾಲಿಕ' ಎಂದೇ ಇತ್ತು.

ಅವರ ಹೆಂಡತಿ ತಮ್ಮ ದೇಶದಲ್ಲಿ ಗಣಿತ ಕಲಿಸುತ್ತಿದ್ದವರು. ಇಲ್ಲಿ ಅವರ ಚೀಟಿಯ ಮೇಲೆ 'ಕೆಲಸ ಮಾಡುವಂತಿಲ್ಲ' ಎಂದಿತ್ತು. ಹದಿನಾಲ್ಕು ವರ್ಷ ಆ ಹೆಂಗಸು ಪಕ್ಕದ ಮನೆಯ ಮಕ್ಕಳಿಗೆ ಸುಮ್ಮನೆ ಲೆಕ್ಕ ಹೇಳಿಕೊಡುತ್ತ ಕಳೆದರು. ಮನೆಯ ಗೋಡೆಗೆ ಒಂದು ಮೊಳೆ ಹೊಡೆದಿರಲಿಲ್ಲ, ಫೋಟೋಗಳೆಲ್ಲ ನೆಲದ ಮೇಲೆ ಗೋಡೆಗೆ ಒರಗಿ ನಿಂತಿದ್ದವು. ಮಗಳು ಮೂರು ವರ್ಷದವಳಿದ್ದಾಗ ಬಂದವಳು, ಈಗ ಹದಿನೇಳು. ಮಾತಾಡಿದರೆ ನಮ್ಮ ಬೀದಿಯ ಹುಡುಗಿಯೇ. ಅಪ್ಪ ಒಂದು ಮಾತು ತಪ್ಪಿದರೆ ಸಾಕು, "ಅಪ್ಪಾ, ಹಾಗಲ್ಲ" ಎಂದು ತಿದ್ದುತ್ತಿದ್ದಳು. ನನ್ನನ್ನು ಅಕ್ಕಾ ಎನ್ನುತ್ತಿದ್ದಳು.

ಕಲಿಸುವಾಗ ಮೇಷ್ಟ್ರಷ್ಟು ಜಿಗುಟು ಇನ್ನೊಬ್ಬರಿಲ್ಲ. ಕಾಸಿನಗಲದ ಕಪ್ಪು ಬಿಲ್ಲೆಯ ಮೇಲೆ ಪಾಪೆಯ ಸುತ್ತಲಿನ ಬಣ್ಣ ಬರೆದು, ಮೇಲೆ ಒಂದು ಹನಿ ನೀರು ಬಿಟ್ಟು ನೋಡಬೇಕು. ನೀರಿನ ಕೆಳಗೆ ಕಂಡದ್ದೇ ನಿಜವಾದ ಬಣ್ಣ. ಕೆಂಪು ರೇಷ್ಮೆಯ ಎಳೆಯನ್ನು ಬಿಡಿಸಿ ಬಿಡಿಸಿ, ಕೂದಲಿಗಿಂತ ತೆಳ್ಳಗೆ ಮಾಡಿ, ಬಿಳಿಯ ಮೇಲೆ ನರದ ಹಾಗೆ ಅಂಟಿಸಬೇಕು. ಬಿಳಿಯಂತೂ ನನ್ನ ಪ್ರಾಣ ತಿಂದಿತು. ಬೋರ್ಡು ಬರೆದ ಕೈಗೆ ಬಿಳಿ ಎಂದರೆ ಬಿಳಿಯೇ. "ಇದು ಗೋಡೆಯಲ್ಲಮ್ಮಾ. ಮನುಷ್ಯರ ಕಣ್ಣಲ್ಲಿ ಬಿಳಿ ಅನ್ನೋದೇ ಇಲ್ಲ" ಎಂದು ಎಷ್ಟು ಸಲ ಕೆರೆಸಿದರೋ. ಬಣ್ಣ ಹೊಂದಿಸುವುದು ಮಾತ್ರ ಯಾವಾಗಲೂ ಸಂಜೆ ನಾಲ್ಕಕ್ಕೆ, ಕಿಟಕಿಯ ಪಕ್ಕ. ಬೆಳಿಗ್ಗೆ ಎಲ್ಲರ ಕಣ್ಣೂ ಚೆನ್ನಾಗಿರುತ್ತದಂತೆ. ಜನ ಒಬ್ಬರನ್ನೊಬ್ಬರು ನೋಡುವುದು ಹೆಚ್ಚಾಗಿ ದಣಿದಾಗ, ಆದ್ದರಿಂದ ದಣಿದ ಕಣ್ಣಿಗೇ ಜೊತೆ ಮಾಡಬೇಕು ಎನ್ನುತ್ತಿದ್ದರು.

ಆರನೆಯ ವರ್ಷ ಆ ಕಾನೂನಿನ ಗಲಾಟೆ ಶುರುವಾಯಿತು. ಹೊರಗಿನ ನುರಿತ ಕೆಲಸಗಾರರಿಗೆ ಕೊಡುವ ತಾತ್ಕಾಲಿಕ ವೀಸಾಗಳನ್ನು ಬಿಗಿ ಮಾಡಬೇಕು, ಸ್ಥಳೀಯರು ಮೂರನೆಯ ಚೌಕ ತಲುಪಿದ ಕಡೆ ಹೊರಗಿನವರ ವೀಸಾ ಮುಂದುವರಿಸಲೇಬಾರದು ಎಂದು ಒಂದು ಕಡೆಯವರು. ಹಾಗೆ ಮಾಡಿದರೆ ಆಸ್ಪತ್ರೆ, ಕಾರ್ಖಾನೆ ಯಾವುದೂ ನಡೆಯುವುದಿಲ್ಲ ಎಂದು ಇನ್ನೊಂದು ಕಡೆಯವರು. ಟೀವಿಯಲ್ಲಿ ದಿನವೂ ಅದೇ ಕೂಗಾಟ.

ನಮ್ಮ ಮನೆಯಲ್ಲೂ ಅದೇ. ನಾನಿರುವುದು ಅಣ್ಣನ ಜೊತೆ. ಅಣ್ಣ ಹದಿನೆಂಟು ವರ್ಷ ಯಂತ್ರದ ಭಾಗಗಳ ನಕ್ಷೆ ಬರೆದವನು. ಕಾರ್ಖಾನೆಯವರು ಒಂದು ಸೋಮವಾರ ಅವನ ವಿಭಾಗವನ್ನೇ ಮುಚ್ಚಿ, ಮುಂದಿನ ತಿಂಗಳು ವೀಸಾದ ಮೇಲೆ ಬಂದವರನ್ನು ಅದೇ ಕುರ್ಚಿಗಳಲ್ಲಿ ಕೂರಿಸಿದರು. "ಅವರಿಗೆ ನನಗಿಂತ ಜಾಸ್ತಿ ಬರುತ್ತೆ ಅಂತಲ್ಲ ಕಣೇ. ಏನಂದ್ರೂ ಬಿಟ್ಟು ಹೋಗೋ ಹಾಗಿಲ್ಲ, ಹೋದ್ರೆ ವೀಸಾ ಹೋಗುತ್ತೆ. ಬಾಯಿ ಮುಚ್ಕೊಂಡು ಇರ್ತಾರೆ, ಅದಕ್ಕೇ ಇಟ್ಕೊಂಡಿದ್ದು" ಎನ್ನುತ್ತಿದ್ದ. ಅವನ ಸಿಟ್ಟು ಸುಳ್ಳಿನದಲ್ಲ. ಅದಕ್ಕೇ ನನಗೆ ಅವನ ಜೊತೆ ಜಗಳವಾಡಲು ಆಗುತ್ತಿರಲಿಲ್ಲ.

ಶಾಲೆಯ ಸಭಾಂಗಣದಲ್ಲಿ ಈ ವಿಷಯಕ್ಕೇ ಒಂದು ಸಭೆ ನಡೆಯಿತು. ಅಣ್ಣ ಎದ್ದು ನಿಂತು, "ನಮ್ಮ ಕೆಲಸಗಳ ಮೇಲೆ ಅವರು ಕಣ್ಣು ಹಾಕಿದ್ದಾರೆ" ಎಂದ. ಚಪ್ಪಾಳೆ ಬಿತ್ತು. ನಾನು ತಲೆ ತಗ್ಗಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. "ನಮ್ಮವರಿಗೆ ಬರಲ್ಲ ಅಂತಾರಲ್ಲ, ಇಲ್ಲೇ ಕೂತಿದ್ದಾಳೆ ನೋಡಿ ನನ್ನ ತಂಗಿ. ಈ ಊರಲ್ಲಿ ಕೃತಕ ಕಣ್ಣು ಮಾಡೋರು ಹೊರಗಿನವರು ಒಬ್ಬರೇ ಅಂತಿದ್ರು. ಈಗ ಇವಳೂ ಮಾಡ್ತಾಳೆ" ಎಂದು ನನ್ನ ಕಡೆ ಕೈ ತೋರಿಸಿದ. ಇಡೀ ಸಭೆ ತಿರುಗಿ ನೋಡಿ ಚಪ್ಪಾಳೆ ತಟ್ಟಿತು. ನಾನು ಎದ್ದು, ಮೇಷ್ಟ್ರು ಇಲ್ಲದಿದ್ದರೆ ನನಗೆ ಏನೂ ಬರುತ್ತಿರಲಿಲ್ಲ ಎಂದು ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ಪೆಚ್ಚುಪೆಚ್ಚಾಗಿ ನಕ್ಕೆ.

ಮರುದಿನ ಮೇಷ್ಟ್ರ ಕಿವಿಗೆ ಅದು ಬಿದ್ದಿತ್ತು. "ನಿಮ್ಮಣ್ಣ ಹೇಳಿದ್ರಲ್ಲಿ ತಪ್ಪೇನಿದೆ? ನೀನು ಮಾಡ್ತೀಯ ತಾನೆ?" ಎಂದು ಕೆಲಸಕ್ಕೆ ಕೂತರು. ಎರಡು ತಿಂಗಳಿಗೆ ಕಾನೂನು ಪಾಸಾಯಿತು.

ಆ ದಿನಗಳಲ್ಲೇ ನಾನು ಒಬ್ಬ ಹೊಲಿಗೆಯಮ್ಮನಿಗೆ ಮೊದಲಿನಿಂದ ಕೊನೆಯವರೆಗೆ ಒಬ್ಬಳೇ ಒಂದು ಕಣ್ಣು ಮಾಡಿದ್ದೆ. ಮೇಷ್ಟ್ರು ಆಗ ವೀಸಾ ಕಚೇರಿಗೆ ಅಲೆಯುತ್ತಿದ್ದರು. ಆರು ವಾರ ಕಳೆದು ಆಕೆ ತೋರಿಸಲು ಬಂದ ದಿನ ಮೇಷ್ಟ್ರು ಇದ್ದರು. ಯಾವ ಕಣ್ಣು ಎಂದು ಬರೆದಿಟ್ಟ ಚೀಟಿ ಗೀಟಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ಆಕೆಯನ್ನು ಕಿಟಕಿಯ ಪಕ್ಕ ಕೂರಿಸಿ, "ನೇರ ನೋಡಿ, ಕಣ್ಣು ಆಡಿಸ್ಬೇಡಿ" ಎಂದರು. ಬಹಳ ಹೊತ್ತು ಆ ಕಣ್ಣು ಈ ಕಣ್ಣು ನೋಡಿದರು. "ಬಿಳಿ ಸ್ವಲ್ಪ ಜಾಸ್ತಿಯಾಯ್ತು" ಎಂದು ಗೊಣಗಿ, ಕಣ್ಣನ್ನು ಹೊರಗೆ ತೆಗೆಯಲು ಎಡಗಣ್ಣಿನ ಕೆಳರೆಪ್ಪೆಯ ಮೇಲೆ ಹೆಬ್ಬೆರಳಿಟ್ಟು ಒತ್ತಿದರು.

ಹೊಲಿಗೆಯಮ್ಮ ಗಾಬರಿಯಾಗಿ ಅವರ ಕೈ ಹಿಡಿದುಕೊಂಡರು. "ಮೇಷ್ಟ್ರೇ, ಅದು ನನ್ನದೇ ಕಣ್ಣು."

ಮೇಷ್ಟ್ರು ಕೈ ಹಿಂದಕ್ಕೆಳೆದುಕೊಂಡರು. ಆಮೇಲೆ ಮೇಷ್ಟ್ರಿಗೆ ನಗು ಬಂತು. ಅವರು ಹಾಗೆ ನಕ್ಕಿದ್ದನ್ನು ನಾನು ನೋಡಿಯೇ ಇರಲಿಲ್ಲ. ನಾನೂ ನಕ್ಕೆ, ಹೊಲಿಗೆಯಮ್ಮ ಎರಡೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗುನಗುತ್ತಲೇ ಮೇಷ್ಟ್ರು ನನ್ನ ಕಡೆ ತಿರುಗಿದರು, ಆಗ ಅವರ ನಗು ನಿಂತಿತು. ಅವರಿಗೆ ಹೊಳೆದದ್ದು ನನಗೂ ಹೊಳೆಯಿತು, ಇದು ಮೂರನೆಯ ಚೌಕದ ಕೆಲಸ. ವರದಿ ಕೊಡಲು ಉಳಿದಿದ್ದದ್ದು ಮೂರೇ ದಿನ.

ಹಾಳೆಯನ್ನು ಅವರ ಮುಂದಿಟ್ಟು ಡಾಕ್ಟರಮ್ಮ, "ಎರಡನೇ ಚೌಕಕ್ಕೆ ಒಂದು ಗೆರೆ ಎಳೆದುಬಿಡಿ ಮೇಷ್ಟ್ರೇ. ಇದರಲ್ಲಿ ಯಾರಪ್ಪನ ಗಂಟು ಹೋಗುತ್ತೆ?" ಎಂದರು. ನಾನೂ ಗೋಗರೆದೆ. "ಇವಳಿಗೆ ಇನ್ನೂ ಬಿಳಿ ಬರಲ್ಲ ಅಂತ ಬರೀರಿ. ಯಾರು ಬಂದು ನೋಡ್ತಾರೆ?"

"ಯೋಚನೆ ಮಾಡ್ತೀನಿ" ಎಂದು ಹಾಳೆಯನ್ನು ಮಡಚಿ ಮನೆಗೆ ಒಯ್ದರು. ಅಲ್ಲಿ ಏನೇನು ಮಾತಾಯಿತೋ. ಶುಕ್ರವಾರ ಬಂದಾಗ ಅವರ ಮುಖ ಊದಿಕೊಂಡಿತ್ತು. ಹಾಳೆ ಬಿಚ್ಚಿಟ್ಟರು. ಮೂರನೆಯ ಚೌಕದಲ್ಲಿ ಗೆರೆ ಬಿದ್ದಿತ್ತು.

"ಯಾಕೆ ಮೇಷ್ಟ್ರೇ?" ಎಂದೆ. ನನಗೆ ಸಿಟ್ಟೂ ಬಂದಿತ್ತು.

"ಹೆಂಡ್ತೀನೂ ಇದನ್ನೇ ಕೇಳಿದ್ಳು" ಎಂದರು. "ಹದಿನಾಲ್ಕು ವರ್ಷದಲ್ಲಿ ಈ ಊರಲ್ಲಿ ನಾನು ಒಂದು ಮನೆ ಮಾಡ್ಲಿಲ್ಲ, ಒಂದು ಗಿಡ ನೆಡ್ಲಿಲ್ಲ. ಮಾಡಿದ್ದು ಅಂದ್ರೆ ನಿನಗೆ ಕೆಲಸ ಕಲಿಸಿದ್ದು. ಅದನ್ನೂ ಇಲ್ಲ ಅಂತ ನನ್ನ ಕೈಯಾರೆ ಬರೀಲಾ? ನಾನೇ ಮೋಸ ಹೋದೆನಲ್ಲಮ್ಮ, ನಿನ್ನ ಕಣ್ಣು ನೋಡಿ."

ಕೆಳಗೆ ನನ್ನ ಸಹಿಗೆ ಜಾಗವಿತ್ತು. ನಾನು ಒಪ್ಪುವುದಿಲ್ಲ ಎಂದು ಹಟ ಹಿಡಿದಿದ್ದರೆ ಆ ಹಾಳೆ ಅಲ್ಲೇ ಬಿದ್ದಿರುತ್ತಿತ್ತು. ನಾನು ಸಹಿ ಮಾಡಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಆ ಗೆರೆ ನೋಡಿ ನನಗೆ ಒಳಗೊಳಗೇ ಸಂತೋಷವಾಗಿತ್ತು. ಆರು ವರ್ಷ ಅವರ ಬಾಯಿಂದ ಆ ಮಾತಿಗೆ ಕಾದಿದ್ದೆ.

ಐದು ವಾರಕ್ಕೆ ಉತ್ತರ ಬಂತು. ಈ ಕೌಶಲ ಸ್ಥಳೀಯವಾಗಿ ಲಭ್ಯವಿದೆ, ಆಧಾರ ಅರ್ಜಿದಾರರದೇ ವರದಿ ಎಂದಿತ್ತು. ಅರವತ್ತು ದಿನದೊಳಗೆ ಹೊರಡಬೇಕು. ಹೊರಡುವ ದಿನಕ್ಕೂ ಮಗಳ ಶಾಲೆಯ ಕೊನೆಯ ಪರೀಕ್ಷೆಗೂ ನಡುವೆ ಇದ್ದದ್ದು ಹದಿನೇಳು ದಿನ. ಅದು ಮುಗಿಯುವವರೆಗೆ ಬಿಡಿ ಎಂದು ಡಾಕ್ಟರಮ್ಮ ಮೂರು ಅರ್ಜಿ ಹಾಕಿದರು, ಒಂದಕ್ಕೂ ಉತ್ತರ ಬರಲಿಲ್ಲ. ಅಣ್ಣನಿಗೆ ಹೇಳಿದೆ. ಅವನು ಟೀವಿ ಆರಿಸಿ, "ನಾನು ಹೇಳಿದ್ದು ಅಂಥೋರನ್ನ ಕಣೇ, ಇವರನ್ನಲ್ಲ" ಎಂದ. ಕಾನೂನಿನಲ್ಲಿ ಅಂಥವರು ಇಂಥವರು ಎಂದು ಬೇರೆ ಬೇರೆ ಸಾಲು ಇರಲಿಲ್ಲ.

ಹೊರಡುವ ಹಿಂದಿನ ಮಧ್ಯಾಹ್ನ ಸಾಮಾನು ಕಟ್ಟಲು ಅವರ ಮನೆಗೆ ಹೋದೆ. ಮೇಷ್ಟ್ರು ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಅವರ ಹೆಂಡತಿ ನನ್ನನ್ನು ನೋಡಿ "ಬನ್ನಿ" ಎಂದು ಮತ್ತೆ ಪಾತ್ರೆ ಕಟ್ಟತೊಡಗಿದರು. ಮಗಳು ಶಾಲೆಯ ಪುಸ್ತಕಗಳನ್ನು ಎರಡು ರಾಶಿ ಮಾಡುತ್ತಿದ್ದಳು, ಒಯ್ಯುವುದು, ಬಿಟ್ಟುಹೋಗುವುದು. ಬಿಟ್ಟುಹೋಗುವ ರಾಶಿಯೇ ಎತ್ತರವಾಗಿತ್ತು. ನಾನು ಹೋಗಿ ಅವಳ ಪಕ್ಕ ಕೂತೆ.

"ಅಕ್ಕಾ, ಒಂದು ಕೇಳ್ಲಾ?" ಎಂದಳು.

"ಕೇಳು."

"ಅಪ್ಪಾನೇ ಮೋಸ ಹೋಗೋ ಅಷ್ಟು ಚೆನ್ನಾಗಿ ಮಾಡ್ಲೇಬೇಕಿತ್ತಾ ನೀವು?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಪಾಠದಲ್ಲಿ ಗೊತ್ತಾಗದ್ದನ್ನು ಕೇಳುವ ಹಾಗೆ ಕೇಳಿದಳು. ಅವಳ ಅಮ್ಮ, "ಏನೇ ಅದು ಮಾತು" ಎಂದು ಗದರಿದರು. ಮೇಷ್ಟ್ರು ಗದರಲಿಲ್ಲ. ಕಟ್ಟುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಅವರಿಗೂ ಉತ್ತರ ಬೇಕಾಗಿತ್ತು.

ಇಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅವಳ ಕೈಯಲ್ಲಿದ್ದ ಪುಸ್ತಕ ನೋಡಿದರೆ ಹಾಗೆ ಎನ್ನುವುದೇ ಮನುಷ್ಯತ್ವ ಅನ್ನಿಸುತ್ತಿತ್ತು. ಆದರೆ ಮೇಷ್ಟ್ರು ನೋಡುತ್ತಿದ್ದರು.

"ಹೂಂ, ಮಾಡಲೇಬೇಕಿತ್ತು" ಎಂದೆ.

ಮೇಷ್ಟ್ರು ತಲೆಯಾಡಿಸಿ ಮತ್ತೆ ಹಗ್ಗ ಬಿಗಿಯತೊಡಗಿದರು. ಹುಡುಗಿ ಕೈಯಲ್ಲಿದ್ದ ಪುಸ್ತಕವನ್ನು ಬಿಟ್ಟುಹೋಗುವ ರಾಶಿಯ ಮೇಲಿಟ್ಟಳು. ಆಮೇಲೆ ನನ್ನ ಪಕ್ಕದಿಂದ ಎದ್ದು ಅಮ್ಮನ ಹತ್ತಿರ ಹೋಗಿ ಕೂತಳು.