ಅತ್ತೆ ತೇಯದೆ ಬಿಟ್ಟ ಗುಟ್ಟಿ

ನಮ್ಮ ಅತ್ತೆ ತೀರಿಕೊಂಡು ಎರಡು ತಿಂಗಳಾಯಿತು. ಅವರು ಗುಟ್ಟಿ ತೇಯುತ್ತಿದ್ದ ಕಲ್ಲು ಅಡುಗೆಮನೆಯ ಗೂಡಿನಲ್ಲಿ ಹಾಗೆಯೇ ಇದೆ. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ಜೇನಿನಲ್ಲಿ ಕಲಸಿದರೆ ಗುಟ್ಟಿ. ಹುಟ್ಟಿದ ಕೂಸಿನ ನಾಲಿಗೆಗೆ ಅದನ್ನು ಸವರುತ್ತಾರೆ. ಪಕ್ಕದೂರು ಕಲ್ಲೋಳಿಯಿಂದಲೂ ಜನ ಬಟ್ಟಲು ಹಿಡಿದು ನಮ್ಮ ಮನೆಗೆ ಬರುತ್ತಿದ್ದರು.

ನಾನು ಊರಿನ ಆಶಾ ಕಾರ್ಯಕರ್ತೆ. ಬಸುರಿಯರನ್ನು ಅಂಗನವಾಡಿಯಲ್ಲಿ ಕೂರಿಸಿ, ಆರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಬೇಡ, ನೀರೂ ಬೇಡ ಎಂದು ಹೇಳುವುದು ನನ್ನ ಕೆಲಸ. ಒಮ್ಮೆ ನಮ್ಮ ಓಣಿಯ ತುಂಬು ಬಸುರಿಯೊಬ್ಬಳು ಕೇಳಿದಳು:

"ಅಕ್ಕಾರ, ನೀವು ಬ್ಯಾಡ ಅಂತೀರಿ, ನಿಮ್ಮ ಮನ್ಯಾಗ ಆಯಿ ತೇಯ್ದ ಕೊಡತಾರ. ನಮ್ಮತ್ತಿ ಈಗ ಬಟ್ಟಲಾ ತೊಳದ ಇಟ್ಟಾಳ. ನಾ ಯಾರ ಮಾತ ಕೇಳ್ಲಿರಿ?"

ಎಲ್ಲರೂ ನಕ್ಕರು, ನಾನೂ ನಕ್ಕೆ. ಅವಳು ನಗಲಿಲ್ಲ. ಅವಳ ಮೊದಲ ಮಗು ಎಳೆಯದಿದ್ದಾಗ ಭೇದಿಯಾಗಿ ಗೋಕಾಕದ ಆಸ್ಪತ್ರೆಯಲ್ಲಿ ಎರಡು ವಾರ ಮಲಗಿತ್ತು.

ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ. ಹೇಳಿದರೆ, "ನಿನ್ನ ಎರಡೂ ಮಕ್ಕಳು ಗುಟ್ಟಿ ನೆಕ್ಕೇ ಬೆಳದಾವ. ಏನ ಕಡಿಮಿ ಆಗೇತಿ?" ಎನ್ನುತ್ತಿದ್ದರು.

ಅದೇ ವಾರ ನಮ್ಮ ಮನೆಯ ಎಮ್ಮೆ ಕರು ಹಾಕಿತು. ಅತ್ತೆ ಕರುವನ್ನು ಕೆಚ್ಚಲಿಗೆ ಬಿಟ್ಟು, "ಗಿಣ್ಣದ ಹಾಲು ಮೊದಲ ಕರಕ್ಕ, ಉಳದದ್ದ ನಮಗ" ಎಂದರು.

"ಕರದ ನಾಲಗಿಗೆ ಜೇನ ಹಚ್ಚಲಿಲ್ಲಲ್ರಿ, ಅತ್ತಿ?" ಎಂದುಬಿಟ್ಟೆ.

"ಭಾಳ ಶಾಣ್ಯಾಕಿ ಆದಿ."

ಮಧ್ಯಾಹ್ನ ಊಟಕ್ಕೆ ಕುಳಿತಾಗ ಅತ್ತೆ ತಾಟಿಗೆ ಹೇಳುವಂತೆ ಹೇಳಿದರು: "ಎಷ್ಟ ಬಾಣಂತ್ಯಾರ ಮೊದಲನೇ ಹಾಲು ಹಿಂಡಿ ಚೆಲ್ಲಸೇನಿ ನಾನು."

ಅಂಗನವಾಡಿಯಲ್ಲಿ ಕೇಳಿದ್ದ ಆ ಹುಡುಗಿ ಹಡೆದ ಮೂರನೆಯ ದಿನ ಅವಳ ಅತ್ತೆ ನಮ್ಮ ಮನೆಗೆ ಬಟ್ಟಲು ತಂದಳು. ನಾನು ಒಳಗೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿಸಿಕೊಂಡೆ.

"ಸೊಸಿಗೆ ಹಾಲು ಬಂದಾವಿಲ್ಲ?" ನಮ್ಮ ಅತ್ತೆ ಕೇಳಿದರು.

"ಬಂದಾವ್ರಿ ಆಯಿ."

"ಮತ್ತ ಇದ್ಯಾಕ? ಆರು ತಿಂಗಳಾದ ಮ್ಯಾಲ ಕೂಸಿನ ಕರಕೊಂಡ ಬಾ. ಮೊದಲನೇ ತುತ್ತು ನಾನ ಉಣಸ್ತೀನಿ."

"ಈಗ ಸೊಸಿ ಮಾತ ಕೇಳಾಕತ್ತೀರೇನ್ರಿ?"

"ಎಮ್ಮಿ ಮಾತ ಕೇಳಾಕತ್ತೇನಿ."

ಕೂಸಿಗೆ ನಾಲ್ಕು ತಿಂಗಳಾದಾಗ ಅತ್ತೆ ಹೋದರು. ಅಳುವಿನ ನಡುವೆಯೂ ನನಗೊಂದು ಅಂಜಿಕೆಯಿತ್ತು. ಆ ಬಟ್ಟಲು ಈಗ ಗುಟ್ಟಿಗಾಗಿ ಬೇರೆಯವರ ಮನೆಗೆ ಹೋದರೆ? ಕಾರ್ಯ ಮುಗಿದ ಮರುದಿನ ಹೋಗಿ ನೋಡಿದೆ. ಕೂಸು ತಾಯಿಯ ಎದೆಗೆ ಅಂಟಿಕೊಂಡು ಕುಡಿಯುತ್ತಿತ್ತು. ಅದರ ಅಜ್ಜಿಯೇ ಹೇಳಿದಳು, "ಆಯಿ ಆಡಿದ ಮಾತು ನಾವು ದಾಟೂದಿಲ್ರಿ."

ನಿನ್ನೆ ಆರು ತಿಂಗಳು ತುಂಬಿತು. ಅವರು ಕೂಸನ್ನು ನಮ್ಮ ಮನೆಗೇ ತಂದರು. ನಮ್ಮ ಅತ್ತೆಯ ಬಟ್ಟಲಲ್ಲಿ ಮೆತ್ತಗಿನ ಅನ್ನ, ಬೇಳೆ, ಚೂರು ತುಪ್ಪ ಹಾಕಿ ನುಣ್ಣಗೆ ಹಿಸುಕಿದೆ. "ಆಯಿ ಬದಲಿಗೆ ನೀವ ಉಣಸ್ರಿ" ಎಂದು ಕೂಸನ್ನು ನನ್ನ ತೊಡೆಗೆ ಹಾಕಿದರು. ತುಂಬಿದ ಕೈಕಾಲು, ಎತ್ತಿಕೊಳ್ಳಲು ಭಾರ. ಮೊದಲ ತುತ್ತನ್ನು ನನ್ನ ಸೀರೆಯ ಮೇಲೆ ಉಗುಳಿತು. ಎರಡನೆಯದನ್ನು ನುಂಗಿ, ಬಟ್ಟಲಿನ ಅಂಚು ಹಿಡಿದುಕೊಂಡಿತು.